14 ವರ್ಷದ ದ್ರಾಕ್ಷಿ ಬಳ್ಳಿಯ ಬೇರು ಎಲ್ಲಿದೆ? ಗುಂಡಿ ತೆಗೆದು ನೋಡಿದೆ, ಈಗ ನಿಮ್ಮ ಸಲಹೆ ಬೇಕು

ಆಳಂದ ತೋಟ · ಮೇ 4

ಎಲ್ಲರಿಗೂ ಶರಣು. ನಾನು ಆಳಂದ ಕಡೆಯವನು. ಎರಡು ಎಕರೆ ದ್ರಾಕ್ಷಿ ಇದೆ, ಥಾಮ್ಸನ್ ತಳಿ. 2011ರಲ್ಲಿ ಡಾಗ್‌ರಿಡ್ಜ್ ಅನ್ನುವ ಬೇರುಸಸಿ (ಬೇರಿಗಾಗಿ ಹಚ್ಚುವ ಕಾಡುದ್ರಾಕ್ಷಿ) ಹಚ್ಚಿ, ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮೇಲೆ ಥಾಮ್ಸನ್ ಕಸಿ ಕಟ್ಟಿಸಿದ್ದು. ಸಾಲಿನಿಂದ ಸಾಲಿಗೆ 9 ಅಡಿ, ಗಿಡದಿಂದ ಗಿಡಕ್ಕೆ 5 ಅಡಿ. ಎಕರೆಗೆ 968 ಗಿಡ ಕೂತಿವೆ.

ಮೂರು ವರ್ಷದಿಂದ ತೋಟ ಸೊರಗುತ್ತಿದೆ. ಚಾಟ್ನಿ (ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬಳ್ಳಿಯ ಕಡ್ಡಿ ಸವರುವುದು) ಆದ ಮೇಲೆ ಚಿಗುರು ಮೊದಲಿನಷ್ಟು ಉದ್ದ ಬರುತ್ತಿಲ್ಲ. ನೀರು, ಗೊಬ್ಬರ ಯಾವುದೂ ಕಮ್ಮಿ ಮಾಡಿಲ್ಲ. ಸತ್ತ ಗಿಡದ ಜಾಗದಲ್ಲಿ ಹೊಸ ಸಸಿ ಹಚ್ಚಿದರೆ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಡುತ್ತವೆ. ಒಂದು ಅಂಗಡಿಯಲ್ಲಿ ಬೇರು ಬರುವ ಔಷಧ ಅಂತ ಎರಡು ಕ್ಯಾನ್ ಕೊಟ್ಟರು, ಅದನ್ನೂ ಡ್ರಿಪ್‌ನಲ್ಲಿ ಬಿಟ್ಟೆ. ಏನೂ ಬದಲಾಗಲಿಲ್ಲ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ತೋಟಕ್ಕೆ ವಯಸ್ಸಾಯಿತು, ಕಿತ್ತು ಹಾಕು.

ಕೀಳುವ ಮೊದಲು ಒಮ್ಮೆ ಕೆಳಗೆ ಏನಿದೆ ನೋಡೋಣ ಅನ್ನಿಸಿತು. ಏಪ್ರಿಲ್ ಚಾಟ್ನಿ ಮುಗಿದ ವಾರ, ಒಂದು ಗಿಡದ ಬುಡದಿಂದ ಎರಡು ಅಡಿ ಬಿಟ್ಟು ಗುಂಡಿ ತೆಗೆಸಿದೆ. ಸಾಲಿಗೆ ಅಡ್ಡವಾಗಿ ಆರು ಅಡಿ ಉದ್ದ, ನಾಲ್ಕು ಅಡಿ ಆಳ. ಜೇಸಿಬಿ ತರಿಸಲಿಲ್ಲ. ಇಬ್ಬರು ಆಳು, ಹಾರೆ, ಸಲಿಕೆ ಅಷ್ಟೇ. ಗುಂಡಿಯ ಗೋಡೆಯನ್ನು ಚಾಕುವಿನಿಂದ ನಯ ಮಾಡಿ, ಮೇಲೆ ಸಣ್ಣಗೆ ನೀರು ಚಿಮುಕಿಸಿ ಮಣ್ಣು ಬಿಡಿಸಿದೆ. ಆಮೇಲೆ ದಾರ ಕಟ್ಟಿ 10 ಸೆಂ.ಮೀ. ಚೌಕಗಳನ್ನು ಮಾಡಿ ಒಂದೊಂದರಲ್ಲಿ ಬೇರು ಎಣಿಸಿದೆ.

ನಾನು ನೋಡಿದ್ದು ಹೀಗಿದೆ. ಮೇಲೆ ಎರಡೂವರೆ ಅಡಿ ಎರೆ ಮಣ್ಣು, ಕೆಳಗೆ ಗರಸು (ಕಲ್ಲು ಬೆರೆತ ಒರಟು ಮಣ್ಣು). ಹತ್ತು ಬೇರಿನಲ್ಲಿ ಏಳೆಂಟು ಬೇರು ಮೇಲಿನ ಒಂದೂವರೆ ಅಡಿಯಲ್ಲೇ ಇವೆ. ಅದೂ ಎಲ್ಲ ಕಡೆ ಅಲ್ಲ, ಡ್ರಿಪ್ಪರ್ ಕೆಳಗಿನ ಬೋದಿನಲ್ಲಿ (ಗಿಡದ ಸಾಲಿನ ಏರು ಮಣ್ಣಿನಲ್ಲಿ) ಮಾತ್ರ. ಅಲ್ಲಿ ಚಾಪೆ ನೇಯ್ದ ಹಾಗೆ ಹೆಣೆದುಕೊಂಡಿವೆ. ಆದರೆ ಬಹಳಷ್ಟು ಕಂದು ಬಣ್ಣದವು, ಮುರಿದರೆ ಪುಡಿಯಾಗುತ್ತವೆ. ಬಿಳಿ ಬೇರು ಬೆರಳೆಣಿಕೆಯಷ್ಟು. ಟ್ರ್ಯಾಕ್ಟರ್ ಗಾಲಿ ಹೋಗುವ ಪಟ್ಟಿಯಲ್ಲಿ ಸಣ್ಣ ಬೇರು ಒಂದೂ ಇಲ್ಲ. ಹೆಬ್ಬೆರಳಿನಷ್ಟು ದಪ್ಪದ ಒಂದೇ ಒಂದು ಬೇರು ಆ ಗಟ್ಟಿ ಪದರದ ಕೆಳಗಿನಿಂದ ಹಾದು ಪಕ್ಕದ ಸಾಲಿನ ಕಡೆ ಹೋಗಿದೆ. ಇನ್ನೊಂದು ಬೇರು ಮಣ್ಣಿನ ಬಿರುಕು ಹಿಡಿದು ಗರಸಿನೊಳಗೆ ಇಳಿದಿದೆ. ನಾಲ್ಕು ಅಡಿ ಕೆಳಗೆ ಅದರ ತುದಿಯಲ್ಲಿ ಬಿಳಿ ಬೇರು ಕಂಡು ನನಗೆ ಕಣ್ಣಲ್ಲಿ ನೀರು ಬಂತು. ಬಳ್ಳಿಗೆ ಇನ್ನೂ ಬದುಕುವ ಆಸೆ ಇದೆ.

14 ವರ್ಷಕ್ಕೆ ಬೇರು ಹೀಗೇ ಇರುತ್ತದಾ? ವಯಸ್ಸಾದಂತೆ ಬೇರು ಹರಡುತ್ತಾ ಹೋಗಬೇಕಲ್ವಾ?

ತೊಗರಿ ಹೊಲ, ಸೇಡಂ · ಮೇ 4

ನಮ್ಮ ತೊಗರಿ ಆರು ತಿಂಗಳಲ್ಲೇ ಆಳಕ್ಕೆ ಇಳಿಯುತ್ತದೆ. 14 ವರ್ಷದ ಬಳ್ಳಿ ಒಂದೂವರೆ ಅಡಿಯಲ್ಲೇ ಕೂತಿದೆ ಅಂದರೆ ನಂಬೋದು ಕಷ್ಟ ಅಣ್ಣಾ. ತಾಯಿಬೇರು ತುಂಡಾಗಿದೆಯಾ ನೋಡಿ.

ಬೀದರ್ ತೋಟಗಾರಿಕೆ ವಿದ್ಯಾರ್ಥಿನಿ · ಮೇ 5

ಅಣ್ಣಾ, ದ್ರಾಕ್ಷಿಗೆ ತಾಯಿಬೇರು ಇರೋದಿಲ್ಲ. ತೊಗರಿ ಬೀಜದಿಂದ ಹುಟ್ಟುತ್ತದೆ. ಮೊದಲ ಬೇರು ನೇರ ಕೆಳಗೆ ಹೋಗುತ್ತದೆ. ದ್ರಾಕ್ಷಿಯನ್ನು ನಾವು ಕಡ್ಡಿಯಿಂದ ಬೆಳೆಸುತ್ತೇವೆ. ಡಾಗ್‌ರಿಡ್ಜ್ ಕೂಡ ಕಡ್ಡಿಯಿಂದ ಮಾಡಿದ ಸಸಿಯೇ. ಕಡ್ಡಿಯ ಗೆಣ್ಣು ಮತ್ತು ಬುಡದಿಂದ ಸುತ್ತಲೂ ಬೇರು ಒಡೆಯುತ್ತವೆ. ಹಾಗಾಗಿ ಒಂದು ಕಂಬ ಇಳಿದ ಹಾಗೆ ಇರೋದಿಲ್ಲ, ಕೊಡೆಯ ಕಡ್ಡಿ ಬಿಚ್ಚಿದ ಹಾಗೆ ಇರುತ್ತದೆ.

ಆಳಂದದ ಅಣ್ಣನ ಪ್ರಶ್ನೆಗೆ ಬರುತ್ತೇನೆ. ನೀವು ಮಾಡಿದ ದಾರದ ಚೌಕ ನಾವು ಕಾಲೇಜಿನಲ್ಲಿ ಕಲಿಯುವ ಕ್ರಮವೇ. ಬಹಳ ಚೆನ್ನಾಗಿ ಮಾಡಿದ್ದೀರಿ.

ಬೇರಿನಲ್ಲಿ ಎರಡು ಬಗೆ ಇವೆ ಅಂತ ತಿಳಿಯಿರಿ. ದಪ್ಪ ಬೇರು ಮನೆಯ ತೊಲೆ ಇದ್ದ ಹಾಗೆ. ಅದು ಮೊದಲ ಮೂರು ನಾಲ್ಕು ವರ್ಷದಲ್ಲೇ ತನ್ನ ಜಾಗ ಹಿಡಿದುಬಿಡುತ್ತದೆ. ಆಮೇಲೆ ಹೊಸ ತೊಲೆ ಹೆಚ್ಚು ಸೇರುವುದಿಲ್ಲ, ಇದ್ದವೇ ದಪ್ಪ ಆಗುತ್ತವೆ, ಉದ್ದ ಆಗುತ್ತವೆ. ಎರಡನೆಯದು ಸಣ್ಣ ಬೇರು, 2 ಮಿ.ಮೀ.ಗಿಂತ ತೆಳ್ಳಗಿನವು. ನೀರು, ಗೊಬ್ಬರ ಎಳೆಯುವ ಕೆಲಸದಲ್ಲಿ ದೊಡ್ಡ ಪಾಲು ಇವುಗಳದ್ದೇ. ಇವುಗಳ ಆಯಸ್ಸು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಬಿಳಿ ಬೇರು ಕಂದಾಗುತ್ತದೆ, ಸಾಯುತ್ತದೆ, ಹೊಸದು ಹುಟ್ಟುತ್ತದೆ. ಅಂದರೆ ನಿಮ್ಮ ಬಳ್ಳಿಗೆ 14 ವರ್ಷ ಆಗಿರಬಹುದು, ಆದರೆ ಅದರ ಬಾಯಿಗೆ ಯಾವಾಗಲೂ ಎರಡು ಮೂರು ತಿಂಗಳ ವಯಸ್ಸೇ.

ನೀವು ಕೇಳಬೇಕಾದ ಪ್ರಶ್ನೆ ಬಳ್ಳಿಗೆ ಎಷ್ಟು ವಯಸ್ಸು ಅನ್ನೋದಲ್ಲ. ಹೊಸ ಬಿಳಿ ಬೇರು ಯಾಕೆ ಹುಟ್ಟುತ್ತಿಲ್ಲ ಅನ್ನೋದು.

ಗಡಿ ಊರಿನ ಹಳಬ · ಮೇ 5

ತಂಗಿ ಓದಿದ್ದು ಹೇಳಿದಳು, ಖುಷಿ ಆಯ್ತು. ನಾನು ಸೊಲ್ಲಾಪುರ ಗಡಿಯಲ್ಲಿ ಮೂವತ್ತು ವರ್ಷ ದ್ರಾಕ್ಷಿ ಮಾಡಿದವನು. ನಮ್ಮ ಲೆಕ್ಕ ಬೇರೆ. 12ರಿಂದ 15 ವರ್ಷ ಆದ ತೋಟ ಇಳುವರಿಯಲ್ಲಿ ಬೀಳುತ್ತದೆ. ಸಾಲ ಮಾಡಿ ಉಳಿಸಿಕೊಳ್ಳುವುದಕ್ಕಿಂತ ಕಿತ್ತು ಹೊಸದು ಹಚ್ಚೋದು ಲೇಸು. ಮಗಾ, ಭಾವನೆಗೆ ಬೀಳಬೇಡ. ನಾನು ಎರಡು ವರ್ಷ ತಡ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಆಳಂದ ತೋಟ · ಮೇ 5

ಕಾಕಾ, ನಿಮ್ಮ ಮಾತು ತಳ್ಳಿ ಹಾಕುವುದಿಲ್ಲ. ಒಂದು ಕೇಳ್ತೀನಿ. ನೀವು ಕಿತ್ತಾಗ ಬೇರು ಹೇಗಿತ್ತು?

ಗಡಿ ಊರಿನ ಹಳಬ · ಮೇ 6

ಜೇಸಿಬಿಯಿಂದ ಕಿತ್ತೆವು. ಬೇರು ಯಾರು ನೋಡಿದರು? ನೀನು ಕೇಳಿದ ಮೇಲೆ ನನಗೂ ಅನಿಸ್ತಿದೆ, ನೋಡಬೇಕಿತ್ತು.

ಭೀಮಾ ದಂಡೆ, ಅಫಜಲಪುರ · ಮೇ 6

ನಮ್ಮದು ಆಳ ಎರೆ. ನನ್ನ ಅನುಭವ ಹೇಳುತ್ತೇನೆ. 2020ರ ಅಕ್ಟೋಬರ್ ಮಳೆ ನೆನಪಿದೆಯಲ್ಲಾ, ಭೀಮಾ ನದಿ ಉಕ್ಕಿ ಊರೂರು ಮುಳುಗಿದ್ದು. ನಮ್ಮ ತೋಟಕ್ಕೆ ನದಿ ನೀರು ನುಗ್ಗಲಿಲ್ಲ, ಆದರೆ ಮಳೆ ನೀರು ಸಾಲಿನಲ್ಲಿ ಹತ್ತು ದಿನ ನಿಂತಿತ್ತು. ಆಗಷ್ಟೇ ಅಕ್ಟೋಬರ್ ಚಾಟ್ನಿ ಆಗಿತ್ತು. ಚಿಗುರು ಬಂತು, ಆಮೇಲೆ ಎಲೆ ಹಳದಿ. ನೀರು ಇದ್ದರೂ ಬಾಡಿದ ಹಾಗೆ ಕಾಣುತ್ತಿತ್ತು. ಗಿಡದ ಬುಡ ಕೆದರಿದರೆ ಕೆಟ್ಟ ವಾಸನೆ. ಬಿಳಿ ಬೇರು ಎಲ್ಲಾ ಕರಿ ಆಗಿ ಸಿಪ್ಪೆ ಕಳಚಿ ಬರುತ್ತಿದ್ದವು.

ಬೇರಿಗೂ ಉಸಿರು ಬೇಕು. ಎರೆ ಮಣ್ಣು ನೀರು ಕುಡಿದು ಉಬ್ಬಿದರೆ ಗಾಳಿ ಹೋಗುವ ಸಂದು ಎಲ್ಲಾ ಮುಚ್ಚಿ ಹೋಗುತ್ತದೆ. ಆ ಬಾರಿ ಸತ್ತ ಬೇರು ಮತ್ತೆ ತುಂಬಿಕೊಳ್ಳಲು ನಮ್ಮ ತೋಟಕ್ಕೆ ಎರಡು ವರ್ಷ ಹಿಡಿಯಿತು. ನಿಮ್ಮ ಸಮಸ್ಯೆ ಮೂರು ವರ್ಷದ್ದು ಅಂದಿರಿ. ನೀರು ಜಾಸ್ತಿ ಆಗುತ್ತಿದೆಯಾ ನೋಡಿಕೊಳ್ಳಿ. ದಿನಾ ಡ್ರಿಪ್ ಬಿಡುವ ಅಭ್ಯಾಸ ಇದೆಯಾ?

ಆಳಂದ ತೋಟ · ಮೇ 6

ಹೌದು, ದಿನಾ ಬಿಡ್ತೀನಿ. ಬೋರಿನಲ್ಲಿ ನೀರು ಇದೆ ಅಂತ. ನೀವು ಹೇಳಿದ ಮೇಲೆ ಗುಂಡಿಯ ಫೋಟೋ ಮತ್ತೆ ನೋಡಿದೆ. ಡ್ರಿಪ್ಪರ್ ಕೆಳಗೆ ಸರಿಯಾಗಿ ಒಂದು ಗೇಣು ಜಾಗದಲ್ಲಿ ಮಣ್ಣು ಕೆಸರಿನ ಹಾಗೆ ಹೊಳೆಯುತ್ತಿದೆ. ಸತ್ತ ಬೇರು ಎಲ್ಲಾ ಅಲ್ಲೇ ಇವೆ.

ಹುಮನಾಬಾದ್ ಕೆಂಪುಮಣ್ಣು · ಮೇ 7

ನಮ್ಮ ಕಡೆ ಕಥೆ ಉಲ್ಟಾ. ಜಂಬಿಟ್ಟಿಗೆ ಮೇಲಿನ ಕೆಂಪು ಮಣ್ಣು. ನೀರು ನಿಲ್ಲೋದೇ ಇಲ್ಲ. ಎರೆಯಲ್ಲಿ ಡ್ರಿಪ್ ನೀರು ಅಗಲಕ್ಕೆ ಹರಡುತ್ತದೆ, ಕೆಂಪಿನಲ್ಲಿ ನೇರ ಕೆಳಗೆ ಇಳಿಯುತ್ತದೆ. ಹಾಗಾಗಿ ನಮ್ಮ ಬೇರು ಅಗಲ ಕಡಿಮೆ, ಆಳ ಜಾಸ್ತಿ. ಬಾವಿ ತೋಡುವಾಗ ಜಂಬಿಟ್ಟಿಗೆಯ ಸಂದಿನಲ್ಲಿ ಹತ್ತು ಅಡಿ ಕೆಳಗೂ ಬಳ್ಳಿಯ ಬೇರು ಸಿಕ್ಕಿದ್ದು ನಾನೇ ನೋಡಿದ್ದೇನೆ.

ಬೀದರ್ ನೌಬಾದಿನ ಕರೇಜ್ ಸುರಂಗ ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಜಂಬಿಟ್ಟಿಗೆ ನೀರನ್ನು ಹೀರಿ ಕೆಳಗೆ ಬಿಡುತ್ತದೆ, ಅಡಿಯ ಕರಿಕಲ್ಲು ತಡೆದು ನಿಲ್ಲಿಸುತ್ತದೆ. ಬಹಮನಿ ಕಾಲದವರು ಆ ನೀರಿನ ದಾರಿ ಹುಡುಕಿ ಸುರಂಗ ತೋಡಿದರು. ನಮ್ಮ ಬಳ್ಳಿಯೂ ಅದೇ ದಾರಿ ಹುಡುಕುತ್ತದೆ.

ಬೀದರ್ ತೋಟಗಾರಿಕೆ ವಿದ್ಯಾರ್ಥಿನಿ · ಮೇ 7

ಇದು ಬಹಳ ಮುಖ್ಯ ಮಾತು. ದ್ರಾಕ್ಷಿ ಬೇರು ಮಣ್ಣು ಬಿಟ್ಟುಕೊಟ್ಟರೆ 6 ಮೀಟರ್ ಆಳಕ್ಕೂ ಹೋಗುತ್ತದೆ, ಬುಡದಿಂದ ಹಲವು ಮೀಟರ್ ದೂರಕ್ಕೂ ಹೋಗುತ್ತದೆ. ಆದರೆ ಬಹುಪಾಲು ಬೇರು ಮೇಲಿನ 1 ಮೀಟರ್ ಒಳಗೇ ಇರುತ್ತದೆ. ಗಟ್ಟಿ ಪದರ, ನೀರು ನಿಲ್ಲುವ ಪದರ, ಉಪ್ಪಿನ ಪದರ, ಇವುಗಳ ಎದುರು ಬೇರು ನಿಲ್ಲುತ್ತದೆ ಅಥವಾ ಅಡ್ಡ ತಿರುಗುತ್ತದೆ.

ಬೇರುಸಸಿಯ ಗುಣವೂ ಇದೆ. ರಿಪೇರಿಯಾ ಜಾತಿಯ ಕಾಡುದ್ರಾಕ್ಷಿಯ ಬೇರು ಮೇಲ್ಮೈಯಲ್ಲಿ ಹರಡುತ್ತದೆ. ರುಪೆಸ್ಟ್ರಿಸ್ ಜಾತಿಯ ಬೇರು ಕಡಿದಾಗಿ ಕೆಳಗೆ ಇಳಿಯುತ್ತದೆ. ಇನ್ನೊಂದು ಬೇರುಸಸಿಯಾದ 110ಆರ್‌ನಲ್ಲಿ ರುಪೆಸ್ಟ್ರಿಸ್ ರಕ್ತ ಇದೆ. ಯುರೋಪಿನಲ್ಲಿ 1860ರ ದಶಕದಲ್ಲಿ ಫಿಲಾಕ್ಸೆರಾ ಅನ್ನುವ ಬೇರು ಹೇನು ತೋಟಗಳನ್ನೆಲ್ಲ ತಿಂದಾಗ ಅಮೆರಿಕದ ಈ ಕಾಡುಬಳ್ಳಿಗಳ ಮೇಲೆ ಕಸಿ ಕಟ್ಟುವುದು ಶುರುವಾಯಿತು. ನಮ್ಮಲ್ಲಿ ಬೇರುಸಸಿ ಬಂದದ್ದು ಮುಖ್ಯವಾಗಿ ಬರ ಮತ್ತು ಉಪ್ಪು ನೀರಿನ ಕಾರಣಕ್ಕೆ.

ಚಿತ್ತಾಪುರ ಪರ್ಸಿ · ಮೇ 8

ನಮ್ಮದು ಪರ್ಸಿ ಕಲ್ಲಿನ (ಮನೆಗೆ ಹಾಸುವ ಸುಣ್ಣಕಲ್ಲು) ನೆಲ. ಎರಡಡಿ ಕೆಳಗೆ ಹಾಸುಬಂಡೆ. ಬೇರು ಬಂಡೆ ಮುಟ್ಟಿ ಅದರ ಮೇಲೆ ರೊಟ್ಟಿ ಹರಡಿದ ಹಾಗೆ ಚಪ್ಪಟೆ ಹೋಗುತ್ತದೆ. ಬಂಡೆ ಸಂದು ಸಿಕ್ಕಲ್ಲಿ ಮಾತ್ರ ಇಳಿಯುತ್ತದೆ. ಸುಣ್ಣ ಜಾಸ್ತಿ, ಎಲೆ ಬೇಗ ಹಳದಿ ಆಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಕೊರತೆ.

ಶಹಾಪುರ ಕಾಲುವೆ · ಮೇ 8

ಉಪ್ಪಿನ ಬಗ್ಗೆ ಒಂದು ಮಾತು. ಅಣ್ಣಾ, ನಿಮ್ಮ ಬೋರಿನ ನೀರು ಪರೀಕ್ಷೆ ಮಾಡಿಸಿದ್ದೀರಾ? ಡ್ರಿಪ್‌ನಲ್ಲಿ ಉಪ್ಪು ನೀರು ಬಿಟ್ಟರೆ ಡ್ರಿಪ್ಪರ್ ಕೆಳಗೆ ಉಪ್ಪು ಇರೋದಿಲ್ಲ. ಒದ್ದೆ ಜಾಗದ ಅಂಚಿನಲ್ಲಿ ಬಿಳಿ ಬಳೆಯ ಹಾಗೆ ಕೂರುತ್ತದೆ. ಬೇರು ಆ ಬಳೆ ದಾಟಿ ಹೋಗೋದಿಲ್ಲ. ಒಳಗೇ ಸುತ್ತುತ್ತಾ ಇರುತ್ತದೆ. ನನ್ನ ತೋಟ ಕೈಬಿಟ್ಟು ಹೋಗಿದ್ದು ಹಾಗೆಯೇ. ಮೊದಲ ಸಣ್ಣ ಮಳೆ ಬಂದಾಗ ಆ ಉಪ್ಪು ಕರಗಿ ವಾಪಸ್ ಬೇರಿನ ಮೇಲೇ ಬರುತ್ತದೆ. ಮಳೆ ಬಂತು ಅಂತ ನಾನು ಡ್ರಿಪ್ ನಿಲ್ಲಿಸುತ್ತಿದ್ದೆ. ಸಣ್ಣ ಮಳೆಯಲ್ಲಿ ಡ್ರಿಪ್ ಬಿಡಬೇಕಿತ್ತು, ಉಪ್ಪನ್ನು ಹೊರಗೇ ತಳ್ಳಬೇಕಿತ್ತು ಅಂತ ತಡವಾಗಿ ತಿಳಿಯಿತು.

ಬೀದರ್ ತೋಟಗಾರಿಕೆ ವಿದ್ಯಾರ್ಥಿನಿ · ಮೇ 8

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಸೇರಿಸುತ್ತೇನೆ. ಡಾಗ್‌ರಿಡ್ಜ್ ಬರಕ್ಕೆ ಗಟ್ಟಿ, ಬಳ್ಳಿಗೆ ಜೋರು ಕೊಡುತ್ತದೆ. ಆದರೆ ಉಪ್ಪು ನೀರಿನಲ್ಲಿ ವರ್ಷ ಕಳೆದಂತೆ ಸೋಡಿಯಂ ಅನ್ನು ಎಲೆಗೆ ಏರಿಸುತ್ತದೆ. ಹಳೆ ತೋಟದಲ್ಲಿ ಎಲೆ ಅಂಚು ಕರಕಲಾಗೋದು ಇದರಿಂದ. 110ಆರ್ ಇದನ್ನು ಹೆಚ್ಚು ತಡೆಯುತ್ತದೆ.

ಆಳಂದ ತೋಟ · ಮೇ 19

ನೀರು, ಮಣ್ಣು ಎರಡೂ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಬಂದೆ. ನೀರಿನಲ್ಲಿ ಉಪ್ಪು ಇದೆ, ಆದರೆ ಕೈಮೀರಿಲ್ಲ. ಬೋದಿನ ಅಂಚಿನ ಮಣ್ಣಿನಲ್ಲಿ ಬುಡದ ಮಣ್ಣಿಗಿಂತ ಉಪ್ಪು ಜಾಸ್ತಿ ಬಂದಿದೆ. ಅಕ್ಕ ಹೇಳಿದ ಬಿಳಿ ಬಳೆ ನಿಜ.

ಈಗ ಗಾಲಿ ಪಟ್ಟಿಯ ಬಗ್ಗೆ. ನಾವು ದವಣಿ ರೋಗಕ್ಕೆ (ಡೌನಿ ಮಿಲ್ಡ್ಯೂ ಅನ್ನುವ ಬೂಜು ರೋಗ) ಹೆದರಿ ಅಕ್ಟೋಬರ್ ಚಾಟ್ನಿ ಆದ ಮೇಲೆ ವಾರಕ್ಕೆ ಎರಡು ಸಲ, ಮೂರು ಸಲ ಔಷಧ ಹೊಡೆಯುತ್ತೇವೆ. ಒದ್ದೆ ಇದ್ದರೂ ಟ್ರ್ಯಾಕ್ಟರ್ ಇಳಿಸುತ್ತೇವೆ. 14 ವರ್ಷ ಅದೇ ದಾರಿಯಲ್ಲಿ ಅದೇ ಗಾಲಿ. ಅಲ್ಲಿ ಹಾರೆ ಹಾಕಿದರೆ ಟಣ್ ಅನ್ನುತ್ತದೆ. 9 ಅಡಿ ಸಾಲಿನಲ್ಲಿ ಬಳ್ಳಿಗೆ ನಾನು ಕೊಟ್ಟಿದ್ದೇ ಎರಡೂವರೆ ಅಡಿ ಬೋದು. ಉಳಿದ ಜಾಗ ಗಾಲಿಗೆ ಹೋಯಿತು. ಬಳ್ಳಿಗೆ ವಯಸ್ಸಾಗಿಲ್ಲ. ಅದು ಮೊದಲ ದಿನದಿಂದ ಕುಂಡದಲ್ಲೇ ಇದೆ, ಕುಂಡ ತುಂಬಿ ಹೋಗಿದೆ. ಹೊಸ ಸಸಿ ಯಾಕೆ ಏಳಲ್ಲ ಅನ್ನೋದೂ ಈಗ ಗೊತ್ತಾಯಿತು. ಆ ಕುಂಡದಲ್ಲಿ ಮೊದಲೇ ಜನ ಕಿಕ್ಕಿರಿದಿದ್ದಾರೆ.

ಭೀಮಾ ದಂಡೆ, ಅಫಜಲಪುರ · ಮೇ 19

ಸಸಿ ಹಚ್ಚೋದು ಬಿಡಿ. ಪಕ್ಕದ ಬಳ್ಳಿಯ ತೋಳನ್ನೇ ಆ ಖಾಲಿ ಜಾಗದ ತಂತಿ ಮೇಲೆ ಎಳೆದುಬಿಡಿ. ಕೆಲವರು ಪಕ್ಕದ ಕಡ್ಡಿ ಬಗ್ಗಿಸಿ ಮಣ್ಣಲ್ಲಿ ಹೂಳುತ್ತಾರೆ. ಬೇಗ ಏಳುತ್ತದೆ, ತಾಯಿ ಬಳ್ಳಿ ಹಾಲು ಕೊಡುತ್ತಾ ಇರುತ್ತದಲ್ಲಾ. ಆದರೆ ಹೂತ ಕಡ್ಡಿ ಥಾಮ್ಸನ್. ಅದರ ಬೇರು ಡಾಗ್‌ರಿಡ್ಜ್ ಬೇರು ಆಗುವುದಿಲ್ಲ. ಉಪ್ಪು ನೀರಿದ್ದಲ್ಲಿ ನಾನು ಹಾಗೆ ಮಾಡಲ್ಲ.

ಗಡಿ ಊರಿನ ಹಳಬ · ಮೇ 20

ಕುಂಡದ ಮಾತು ನನಗೆ ನಾಟಿತು ಮಗಾ. ನಾವು ಮೊದಲು ಎತ್ತಿನ ಬೇಸಾಯದಲ್ಲಿ ದ್ರಾಕ್ಷಿ ಮಾಡುತ್ತಿದ್ದಾಗ 10 ಅಡಿಗೆ 6 ಅಡಿ ಬಿಡುತ್ತಿದ್ದೆವು, ಎಕರೆಗೆ 726 ಗಿಡ. ಸಾಲಿನಲ್ಲಿ ನೀರು ಹರಿಸುತ್ತಿದ್ದೆವು. ಎರಡು ವರ್ಷಕ್ಕೊಮ್ಮೆ ಬೋದಿನ ಪಕ್ಕ ಚರ ತೋಡಿ ತಿಪ್ಪೆ ಗೊಬ್ಬರ ತುಂಬುತ್ತಿದ್ದೆವು. ಬೇರು ಆ ಗೊಬ್ಬರ ಹುಡುಕಿ ಬರುತ್ತಿತ್ತು. ಡ್ರಿಪ್ ಬಂದ ಮೇಲೆ ಚರ ತೋಡೋದು ಬಿಟ್ಟೆವು. ಎಲ್ಲಾ ಪೈಪಿನಲ್ಲೇ ಹೋಗುತ್ತದೆ ಅಂದುಕೊಂಡೆವು.

ಒಂದು ಎಚ್ಚರಿಕೆ. ಎರಡೂ ಬದಿ ಒಂದೇ ವರ್ಷ ತೋಡಬೇಡ. ಬುಡದಿಂದ ಎರಡು ಅಡಿ ಬಿಡು. ಈ ವರ್ಷ ಒಂದು ಬದಿ, ಮುಂದಿನ ವರ್ಷ ಇನ್ನೊಂದು.

ಬೀದರ್ ತೋಟಗಾರಿಕೆ ವಿದ್ಯಾರ್ಥಿನಿ · ಮೇ 20

ಕಾಕಾ ಹೇಳಿದ ಕ್ರಮಕ್ಕೆ ಕಾರಣ ಇದೆ. ಪೆನ್ಸಿಲ್ ದಪ್ಪದ ಬೇರು ತುಂಡಾದರೆ ತುದಿಯಿಂದ ಗೊಂಚಲು ಗೊಂಚಲು ಹೊಸ ಬೇರು ಒಡೆಯುತ್ತದೆ. ಆದರೆ ಬೇರು ಅಂದರೆ ಬಳ್ಳಿಯ ಕಣಜವೂ ಹೌದು. ಹಣ್ಣು ಕೊಯ್ದ ಮೇಲೆ ಎಲೆ ಮಾಡಿದ ಅಡುಗೆ ಪಿಷ್ಟವಾಗಿ ಬೇರು, ಕಾಂಡದಲ್ಲಿ ಕೂರುತ್ತದೆ. ಏಪ್ರಿಲ್ ಚಾಟ್ನಿ ಆದ ಮೇಲೆ ಹೊಸ ಚಿಗುರು ಮೊದಲು ಉಣ್ಣೋದು ಅದನ್ನೇ. ಎರಡೂ ಬದಿ ಕಡಿದರೆ ಕಣಜ ಅರ್ಧ ಹೋಯಿತು. ಹಾಗೇ ಕೊಯ್ಲು ಆದ ಮರುವಾರವೇ ಚಾಟ್ನಿ ಮಾಡಿದರೂ ಕಣಜ ತುಂಬುವುದಿಲ್ಲ. ಮೂರು ನಾಲ್ಕು ವಾರ ವಿಶ್ರಾಂತಿ ಕೊಡಿ ಅನ್ನೋದು ಇದಕ್ಕೇ. ಅತಿ ಹಣ್ಣು ಬಿಟ್ಟ ವರ್ಷದ ನಂತರ ಬೇರು ಕಡಿಮೆ ಆಗೋದೂ ಇದಕ್ಕೇ.

ತೊಗರಿ ಹೊಲ, ಸೇಡಂ · ಮೇ 21

ಹಾಗಾದರೆ ಬಳ್ಳಿ ಎಷ್ಟು ವರ್ಷ ಬದುಕಬಹುದು?

ಬೀದರ್ ತೋಟಗಾರಿಕೆ ವಿದ್ಯಾರ್ಥಿನಿ · ಮೇ 21

ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ 1768ರಲ್ಲಿ ಹಚ್ಚಿದ ಒಂದೇ ಬಳ್ಳಿ ಇವತ್ತಿಗೂ ಹಣ್ಣು ಕೊಡುತ್ತಿದೆ. ಬಳ್ಳಿ ಗಾಜಿನ ಮನೆಯಲ್ಲಿದೆ, ಬೇರು ಹೊರಗಿನ ನೆಲದಲ್ಲಿ. ಆ ನೆಲದಲ್ಲಿ ಬೇರೇನೂ ಬೆಳೆಯದೆ ಬೇರಿಗಾಗಿಯೇ ಖಾಲಿ ಬಿಟ್ಟಿದ್ದಾರೆ. ಚಳಿ ದೇಶದ ಬಳ್ಳಿ ವರ್ಷಕ್ಕೊಮ್ಮೆ ಮಲಗಿ ಏಳುತ್ತದೆ. ನಮ್ಮದು ಮಲಗುವುದೇ ಇಲ್ಲ, ವರ್ಷಕ್ಕೆ ಎರಡು ಚಾಟ್ನಿ. ನಮ್ಮ ಬಳ್ಳಿ ಬೇಗ ದಣಿಯುತ್ತದೆ. ಆ ಬಳ್ಳಿಗೆ ಹೋಲಿಸಬೇಡಿ, ಆದರೆ ಬೇರಿಗೆ ಜಾಗ ಬಿಡೋದನ್ನು ಅಲ್ಲಿಂದ ಕಲಿಯಬಹುದು.

ಆಳಂದ ತೋಟ · ಜೂನ್ 9

ಮಾಡಿದ್ದು ಬರೆಯುತ್ತೇನೆ. ಮೊದಲ ಎಕರೆಯಲ್ಲಿ ಸಾಲಿನ ಪಡುವಣ ಬದಿಗೆ, ಬುಡದಿಂದ ಎರಡು ಅಡಿ ಬಿಟ್ಟು, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ ಚರ ತೆಗೆಸಿದೆ. ಕೊಳೆತ ತಿಪ್ಪೆ ಗೊಬ್ಬರ, ತೊಗರಿ ಹೊಟ್ಟು, ಮೇಲೆ ಕಬ್ಬಿನ ರವದಿ (ಒಣ ಸೋಗೆ). ಇದ್ದ ಲ್ಯಾಟರಲ್ (ಡ್ರಿಪ್ ಪೈಪು) ಬುಡದಿಂದ ಒಂದೂವರೆ ಅಡಿ ಆಚೆ ಸರಿಸಿದೆ, ಇನ್ನೊಂದು ಬದಿಗೆ ಎರಡನೆಯ ಲ್ಯಾಟರಲ್ ಎಳೆದೆ. ಇನ್ನು ದಿನಾ ನೀರಿಲ್ಲ. ಕೈಯಲ್ಲಿ ಮಣ್ಣು ಹಿಡಿದು ಉಂಡೆ ಕಟ್ಟಿ ನೋಡಿ, ಎರಡು ಮೂರು ದಿನಕ್ಕೊಮ್ಮೆ ಬಿಡುತ್ತೇನೆ. ಸಾಲಿನ ನಡುವೆ ಹಸಿರು ಗೊಬ್ಬರಕ್ಕೆ ಸೆಣಬು ಬಿತ್ತಿದೆ. ಎರಡನೆಯ ಎಕರೆ ಮೊದಲಿನ ಹಾಗೇ ಬಿಟ್ಟಿದ್ದೇನೆ. ಎರಡೂ ಪಕ್ಕ ಪಕ್ಕ ಇದ್ದರೆ ಸುಳ್ಳು ಹೇಳಿಕೊಳ್ಳಲು ಆಗೋದಿಲ್ಲ ಅಲ್ವಾ.

ಹುಮನಾಬಾದ್ ಕೆಂಪುಮಣ್ಣು · ಜೂನ್ 10

ಎರಡನೆಯ ಎಕರೆ ಬಿಟ್ಟಿದ್ದು ದೊಡ್ಡ ಕೆಲಸ. ಯಾರೂ ಬಿಡಲ್ಲ. ಸೆಣಬು ಹೂವಿಗೆ ಬರುವ ಮೊದಲೇ ಕಡಿದು ಬೋದಿಗೆ ಎಳೆಯಿರಿ.

ಆಳಂದ ತೋಟ · ನವೆಂಬರ್ 16

ತಡವಾಗಿ ಬಂದೆ, ಕ್ಷಮಿಸಿ. ಅಕ್ಟೋಬರ್ ಚಾಟ್ನಿ ಆಗಿ ಐದು ವಾರ ಆಯಿತು. ನಿನ್ನೆ ಎರಡೂ ಎಕರೆಯಲ್ಲಿ ಒಂದೊಂದು ಸಣ್ಣ ಗುಂಡಿ ತೆಗೆದೆ.

ಚರ ತೆಗೆದ ಕಡೆ ರವದಿ ಸರಿಸಿದ ಕೂಡಲೇ ಬಿಳಿ ಬೇರು. ಗೊಬ್ಬರದ ಉಂಡೆ ಎತ್ತಿದರೆ ಶಾವಿಗೆ ಹಿಡಿದು ಎತ್ತಿದ ಹಾಗೆ ಬೇರು ಜೊತೆಗೆ ಬಂದವು. ತುಂಡಾದ ಪ್ರತಿ ಬೇರಿನ ತುದಿಯಲ್ಲಿ ಹತ್ತು ಹದಿನೈದು ಹೊಸ ಬೇರು. ಲ್ಯಾಟರಲ್ ಸರಿಸಿದ ಕಡೆಗೂ ಬೇರು ಹೊರಟಿದೆ, ಆದರೆ ಉಪ್ಪಿನ ಬಳೆ ಇದ್ದ ಜಾಗದಲ್ಲಿ ಇನ್ನೂ ಕಮ್ಮಿ. ಗಾಲಿ ಪಟ್ಟಿ ಹಾಗೇ ಇದೆ, ಅಲ್ಲಿ ಒಂದೂ ಇಲ್ಲ. ಎರಡನೆಯ ಎಕರೆಯಲ್ಲಿ ಮೊದಲ ಗುಂಡಿಯಲ್ಲಿ ಕಂಡದ್ದೇ ಚಿತ್ರ.

ಚಿಗುರಿನಲ್ಲಿ ವ್ಯತ್ಯಾಸ ಇದೆ, ಆದರೆ ಹಣ್ಣು ನೋಡದೆ ಏನೂ ಹೇಳುವುದಿಲ್ಲ. ಕಾಕಾ ಹೇಳಿದ್ದನ್ನೂ ಬಿಟ್ಟಿಲ್ಲ. ಬಾವಿ ಪಕ್ಕದ ಮೂರು ಸಾಲು ತೀರಾ ಸೋತಿವೆ. ಈ ಕೊಯ್ಲು ಆದ ಮೇಲೆ ಅವನ್ನು ತೆಗೆದು 110ಆರ್ ಹಚ್ಚಬೇಕು ಅಂತಿದ್ದೇನೆ. ತಂಗಿ, ಹಳೆ ಬೇರು ತೆಗೆದ ನೆಲದಲ್ಲಿ ಕೂಡಲೇ ಹಚ್ಚಬಹುದಾ?

ಬೀದರ್ ತೋಟಗಾರಿಕೆ ವಿದ್ಯಾರ್ಥಿನಿ · ನವೆಂಬರ್ 16

ಕೂಡಲೇ ಬೇಡ ಅಣ್ಣಾ. ಆದಷ್ಟು ದಪ್ಪ ಬೇರು ಆರಿಸಿ ತೆಗೆಯಿರಿ. ಬೇಸಿಗೆ ಬಿಸಿಲಿಗೆ ನೆಲ ಬಿಚ್ಚಿ ಬಿಡಿ. ಮಳೆಗಾಲದಲ್ಲಿ ಚೆಂಡುಹೂ ಬೆಳೆಯಿರಿ, ಬೇರುಗಂಟು ಜಂತು ಇದ್ದರೆ ಕಡಿಮೆ ಆಗುತ್ತದೆ. ಗಾಲಿ ಪಟ್ಟಿಯ ಗಟ್ಟಿ ಪದರವನ್ನು ನೆಲ ಒಣಗಿದ್ದಾಗಲೇ ಆಳ ಉಳುಮೆ ಮಾಡಿ ಒಡೆಸಿ. ಹಸಿ ಇದ್ದಾಗ ಉತ್ತರೆ ಎರೆ ಮಣ್ಣು ಇನ್ನಷ್ಟು ಅಂಟಿಕೊಳ್ಳುತ್ತದೆ. ಹೊಸ ಸಾಲನ್ನು ಹಳೆ ಬೋದಿನ ಮೇಲೆ ಹಾಕಬೇಡಿ, ನಡುವಿನ ಜಾಗಕ್ಕೆ ತನ್ನಿ.

ಗಡಿ ಊರಿನ ಹಳಬ · ನವೆಂಬರ್ 17

ಮೂರು ಸಾಲು ಕೀಳುವ ದಿನ ನನಗೆ ಫೋನ್ ಮಾಡು ಮಗಾ. ಈ ಸಲ ಜೇಸಿಬಿ ಬೇಡ. ಒಂದು ಗಿಡವನ್ನಾದರೂ ಕೈಯಿಂದ ಬಿಡಿಸಿ, ಬೇರು ಪೂರ್ತಿ ಎಲ್ಲಿವರೆಗೆ ಹೋಗಿದೆ ಅಂತ ಟೇಪು ಹಿಡಿದು ಅಳೆಯೋಣ. ನಾನೂ ಸಲಿಕೆ ತರುತ್ತೇನೆ.